ಕುರಿ ಬಂದರೆ ಎಂಜಿನ್ ನಿಲ್ಲಿಸುತ್ತಿದ್ದ ಉಸ್ತಾದರು

ನಮ್ಮ ಉಸ್ತಾದರ ಎರಡು ಕೈಗಳು ಒಬ್ಬನೇ ಮನುಷ್ಯನವು ಎಂದರೆ ಹೊಸಬರು ನಂಬುತ್ತಿರಲಿಲ್ಲ. ಬಲಗೈ ಮೊಣಕೈಯಿಂದ ಬೆರಳ ತುದಿಯವರೆಗೆ ರೊಟ್ಟಿ ಹಂಚಿನ ಕಪ್ಪು; ಎಡಗೈ ಗೋಧಿ ಬಣ್ಣ. ಇಪ್ಪತ್ತು ವರ್ಷ ಲಾರಿಯ ಕಿಟಕಿಯ ಮೇಲೆ ಬಲ ಮೊಣಕೈ ಊರಿಕೊಂಡು ಬಿಸಿಲಲ್ಲಿ ಕೂತದ್ದಕ್ಕೆ ಬಂದ ಬಣ್ಣ ಅದು. ಕಾಲುಗಳಲ್ಲೂ ಇದೇ ಪಂಕ್ತಿಭೇದ. ಎಡಗಾಲಿಗೆ ಮಾತ್ರ ಜೋಡು, ಬಲಗಾಲು ಬರಿಗಾಲು. ಪೆಟ್ರೋಲು ಕೊಡುವ ಕಾಲಿಗೂ ಗಾಡಿಗೂ ನಡುವೆ ಚರ್ಮ ಅಡ್ಡ ಬರಬಾರದು ಎಂದು ಅವರ ನಂಬಿಕೆ. ಬಲಗಾಲಿನ ಜೋಡು ಸೀಟಿನ ಕೆಳಗೆ ಕೂತಿರುತ್ತಿತ್ತು. ಊರು ಬಂದಾಗ ಅದನ್ನು ಹಾಕಿಕೊಂಡು, ಎರಡೂ ಕಾಲಿಗೆ ಸಮನಾಗಿ ಮರ್ಯಾದೆ ಕೊಟ್ಟು, ಆಮೇಲೆ ಕೆಳಗಿಳಿಯುತ್ತಿದ್ದರು.

ಲಾರಿ ಅವರದಲ್ಲ, ಭಾಲ್ಕಿಯಲ್ಲಿ ಕಾಳುಕಡಿ ಅಡತಿ ವ್ಯಾಪಾರದ ಸಾಹುಕಾರರದು. ಔರಾದ್, ಡಾಬಕಾ ಕಡೆಯಿಂದ ತೊಗರಿ, ಜೋಳದ ಚೀಲ ಹೇರಿಕೊಂಡು ಬಂದು ಭಾಲ್ಕಿ ಸ್ಟೇಷನ್ನಿಗೆ ಇಳಿಸುವುದು ನಮ್ಮ ಕೆಲಸ. ನಾನು ಕಿಲೀನರ್. ಕಿಲೀನರ್ ಎಂದರೆ ಮೀಸೆ ಮೂಡದ ಹುಡುಗನೆಂದು ತಿಳಿಯಬೇಡಿ. ಸಾಯಗಾಂವದಲ್ಲಿ ನನಗೆ ಹೆಂಡತಿಯಿದ್ದಳು, ಎರಡು ಮಕ್ಕಳಿದ್ದರು. ಅದೇ ಸಾಹುಕಾರರಲ್ಲಿ ಚೀಲ ಹೊತ್ತು ಹೊತ್ತು ಬೆನ್ನು ಮಾತು ಕೇಳದಂತಾದ ಮೇಲೆ ಲಾರಿ ಹತ್ತಿದವನು ನಾನು. ಎಂದಾದರೊಂದು ದಿನ ಆ ಬಲಗಡೆಯ ಸೀಟು ಸಿಕ್ಕರೆ ಮಕ್ಕಳು ಎರಡು ಹೊತ್ತು ಉಂಡಾರು ಎಂಬ ಆಸೆ ಬಿಟ್ಟರೆ ನನಗೆ ಬೇರೆ ಆಸೆಯಿರಲಿಲ್ಲ.

ಉಸ್ತಾದರು ಕಲಿಸುವ ರೀತಿ ಕಂಡರೆ ಆ ಆಸೆಯೂ ಬತ್ತಿ ಹೋಗಬೇಕು. ಆರು ತಿಂಗಳು ಸ್ಟೇರಿಂಗ್ ಮುಟ್ಟಗೊಡಲಿಲ್ಲ. ಮಳೆಗಾಲದಲ್ಲಿ ಹಳ್ಳ ಬಂದಾಗ ನನ್ನನ್ನು ಕೆಳಗಿಳಿಸಿ ಲಾರಿಯ ಮುಂದೆ ನಡೆಸುತ್ತಿದ್ದರು. ಎರಿಯ ಕಪ್ಪು ಮಣ್ಣು ಎಲ್ಲಿ ಗಟ್ಟಿ, ಎಲ್ಲಿ ನುಂಗುತ್ತದೆ ಎಂದು ನಾನು ಬರಿಗಾಲಲ್ಲಿ ತುಳಿದು ಹೇಳಬೇಕು. ಕಾಲಿಗೆ ಹತ್ತಿದ ಮಣ್ಣು ಒಂದೊಂದು ಸೇರು ತೂಗುತ್ತಿತ್ತು. ನಾನು ಗೊಣಗಿದರೆ, “ಮೊದಲ ಕಾಲಿಗಿ ದಾರಿ ಗೊತ್ತಾಗ್ಲಿ ಬೇಟಾ, ಕೈಗಿ ಆಮ್ಯಾಲ ತಾನೇ ಗೊತ್ತಾಗ್ತದ” ಎನ್ನುತ್ತಿದ್ದರು. ನಮ್ಮೊಂದಿಗೆ ಅವರು ಕನ್ನಡವನ್ನೇ ಆಡುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ದಖನಿ ಉರ್ದು. ಸಿಟ್ಟು ಅಪರೂಪವಾದ್ದರಿಂದ ಅವರ ದಖನಿ ನನಗೆ ಕೊನೆಗೂ ಸರಿಯಾಗಿ ಬರಲಿಲ್ಲ.

ಅವರ ಒಂದು ಪದ್ಧತಿ ಮಾತ್ರ ನನ್ನ ಜೀವ ಹಿಂಡುತ್ತಿತ್ತು. ದಾರಿಯಲ್ಲಿ ಕುರಿಹಿಂಡು ಎದುರಾದರೆ ಅವರು ಹಾರನ್ ಮುಟ್ಟುತ್ತಿರಲಿಲ್ಲ. ಲಾರಿಯನ್ನು ಬದಿಗೆ ಹಚ್ಚಿ, ಎಂಜಿನ್ನನ್ನೇ ಬಂದ್ ಮಾಡಿ, ಕೈಕಟ್ಟಿ ಕೂತುಬಿಡುತ್ತಿದ್ದರು. ನಮ್ಮ ಗಾಡಿಯ ಸೈಲೆನ್ಸರ್ ಒಡೆದಿತ್ತು, ಸುಮ್ಮನೆ ನಿಂತಾಗಲೂ ಗುಡುಗುತ್ತಿತ್ತು. ಆ ಸದ್ದಿಗೂ ಕುರಿ ಬೆದರುತ್ತವೆ ಎಂದು ಅವರ ವಾದ. ಕೊನೆಯ ಮರಿ ದಾಟಿ, ಕುರುಬ ಕೋಲೆತ್ತಿ ಸಲಾಮು ಹೇಳಿದ ಮೇಲೆ “ಹಾಂ, ತಿರುವು” ಎನ್ನುವರು. ಸೆಲ್ಫ್ ಸ್ಟಾರ್ಟರ್ ಎಂದೋ ಸತ್ತಿತ್ತು. ನಾನಿಳಿದು, ಮೂತಿಗೆ ಹ್ಯಾಂಡಲ್ ಚುಚ್ಚಿ, ಮೈಯ ಬಲವೆಲ್ಲ ಹಾಕಿ ತಿರುವಬೇಕು. ಔರಾದಿನಿಂದ ಭಾಲ್ಕಿಗೆ ಬರುವಷ್ಟರಲ್ಲಿ ಐದಾರು ಹಿಂಡು ಸಿಗದ ದಿನವೇ ಇರಲಿಲ್ಲ.

“ಉಸ್ತಾದ್, ಇವತ್ತಿಂದು ಇದು ನಾಲ್ಕನೇದ್ದರಿ. ನನ್ನ ರಟ್ಟಿ ಬಿದ್ದು ಹೋಗ್ಯಾವರಿ” ಎಂದು ಒಮ್ಮೆ ಹೇಳಿಯೇಬಿಟ್ಟೆ.

ಅವರು ಬಸಿಯಲ್ಲಿ ಚಹಾ ಆರಿಸುತ್ತಿದ್ದರು. ಬಸಿ ಕೆಳಗಿಟ್ಟು ಹೇಳಿದರು: “ಡಾಬಕಾದ ಈಚಿ ಇಳುಕಲ ಅದಲ್ಲ, ಅಲ್ಲಿ. ನಾ ಆಗ ಹೊಸಬ. ಹಾರನ್ ಹೊಡದ್ರ ಹಿಂಡ ದಾರಿ ಬಿಡ್ತದ ಅಂತ ತಿಳ್ಕೊಂಡಿದ್ನಿ. ಕುರಿ ದಾರಿ ಬಿಡಲ್ಲ ಬೇಟಾ. ಗಾಬ್ರಿ ಬಿದ್ದು ಒಂದರ ಮೈಯಾಗ ಒಂದು ಹೊಕ್ಕೊಂಡು ಗಾಲಿ ಕಡಿಗೇ ಬರ್ತಾವ. ನಾಲ್ಕು ಹೋದವು. ಮುದುಕ ಕುರುಬ ಏನೂ ಅನ್ಲಿಲ್ಲ. ದಾರ್ಯಾಗ ಕುಂತು ಒಂದರ ತಲಿ ತೊಡಿ ಮ್ಯಾಲ ಇಟಗೊಂಡ. ಬೈದಿದ್ರ ನಾ ಮರೀತಿದ್ನಿ.”

ಆಮೇಲೆ ನಾನು ಗೊಣಗುವುದನ್ನು ಬಿಡಲಿಲ್ಲ, ಮನಸ್ಸಿನಲ್ಲಿ ಗೊಣಗತೊಡಗಿದೆ.

ಹಿಂದೂಸ್ತಾನದ ಪಡೆ ಬಂದು ನಿಜಾಮರ ಆಳಿಕೆ ಮುಗಿಸಿದ ಪೊಲೀಸ್ ಆಕ್ಷನ್ನಿನ ವಾರ ಉಸ್ತಾದರು ಲಾರಿ ತೆಗೆದುಕೊಂಡು ಔರಾದ್ ಕಡೆ ಹೋಗಿದ್ದರು. ಮಗನಿಗೆ ಜ್ವರವೆಂದು ನಾನು ಊರಲ್ಲೇ ಉಳಿದಿದ್ದೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ರಜಾಕಾರರಿಗೆ ಹೆದರಿ ನಮ್ಮವರು ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದ್ದರು. ಈಗ ಓಡುವ ಪಾಳಿ ಉಸ್ತಾದರ ಕಡೆಯ ಮುಸಲ್ಮಾನರದಾಯಿತು. ಭಾಲ್ಕಿಯಲ್ಲಿ ಉಸ್ತಾದರ ಓಣಿಯ ಮನೆಗಳು ಸುಟ್ಟುಹೋದವು. ಅವರ ಹೆಂಡತಿ, ನಾವು ಖಾಲಾ ಎನ್ನುತ್ತಿದ್ದವರು, ಎಂಟು ದಿನ ಮೊದಲೇ ಬೀದರಿನ ತಂಗಿಯ ಮನೆಗೆ ಹೋಗಿದ್ದರಿಂದ ಉಳಿದರು. ಲಾರಿ ಡಾಬಕಾ ದಾರಿಯಲ್ಲಿ ಬೇವಿನ ಮರದ ಕೆಳಗೆ ಅನಾಥವಾಗಿ ನಿಂತಿದೆ ಎಂದು ಯಾರೋ ಬಂದು ಹೇಳಿದರು. ಉಸ್ತಾದರು ಹೋದರು ಎಂದೇ ನಾನು ತಿಳಿದೆ. ಹೆಂಡತಿಯ ಮುಂದೆ ಕೂತು ಅತ್ತೆ.

ಹದಿನೈದು ದಿನಗಳ ಮೇಲೆ ಅವರು ನಡೆದುಕೊಂಡು ಬಂದರು. ಗಡ್ಡ ಬೋಳಿಸಿತ್ತು. ಹೆಗಲ ಮೇಲೆ ಕಂಬಳಿ, ಮೈಯೆಲ್ಲ ಕುರಿಯ ವಾಸನೆ. ದಾರಿಯ ಕುರುಬರು ಅವರನ್ನು ತಮ್ಮ ಹಟ್ಟಿಯಲ್ಲಿಟ್ಟುಕೊಂಡು, ಕೇಳಿದವರಿಗೆಲ್ಲ ನಮ್ಮ ಮಾವ ಎಂದು ಹೇಳಿ ಕಾಯ್ದಿದ್ದರಂತೆ. ಅವರು ಹೇಳಿದ್ದು ಇಷ್ಟೇ. ಏನೇನು ಕಂಡರು ಎಂದು ನಾನು ಕೇಳಲಿಲ್ಲ. ಮೊದಲೆಲ್ಲ ಡಾಬಕಾದಿಂದ ಭಾಲ್ಕಿಯವರೆಗೆ ಬಾಯಿ ಮುಚ್ಚದ ಮನುಷ್ಯ, ಅಂದಿನಿಂದ ಹತ್ತು ಮೈಲಿಗೊಂದು ಮಾತು ಆಡತೊಡಗಿದರು. ಕೇಳಿದ್ದಕ್ಕೆಲ್ಲ ಒಂದೇ ಉತ್ತರ: “ಹೋಗ್ಲಿ ಬಿಡು, ಸಾಕಾಗ್ಯಾದ.”

ಮನೆಯ ಜತೆಗೆ ಅವರ ಲೈಸೆನ್ಸೂ ಸುಟ್ಟುಹೋಗಿತ್ತು. ಬೇವಿನ ಮರದ ಕೆಳಗಿನ ಲಾರಿಯನ್ನು ತಂದ ಮೇಲೆ ಒಂದಷ್ಟು ದಿನ ಹಾಗೆಯೇ ನಡೆಯಿತು. ಆಮೇಲೆ ದಾರಿಯಲ್ಲಿ ಪೊಲೀಸರು ಕಾಗದ ಕೇಳತೊಡಗಿದರು. ಒಮ್ಮೆ ಲಾರಿಯನ್ನು ಅರ್ಧ ದಿನ ನಿಲ್ಲಿಸಿಕೊಂಡರು. ಬೀದರಿನ ಕಚೇರಿಯಲ್ಲಿ ಹಳೆಯ ದಫ್ತರು ಹುಡುಕಿಸಿದರೆ ಇವರ ಹೆಸರು ಸಿಗಲಿಲ್ಲ. ಹೊಸದಾಗಿ ಪರೀಕ್ಷೆ ಕೊಡಬೇಕು ಎಂದರು. ಸಾಹುಕಾರರು ನಮ್ಮಿಬ್ಬರನ್ನೂ ಗದ್ದಿಗೆಯ ಮುಂದೆ ಕರೆದರು. ಒಳ್ಳೆಯ ಮನುಷ್ಯ, ಹಣೆಯ ತುಂಬ ವಿಭೂತಿ, ಆದರೆ ಅವರೂ ದಣಿದಿದ್ದರು.

“ಇಬ್ರೂ ಪರೀಕ್ಷಾ ಕೊಡ್ರಿ. ಯಾರಿಗರ ಒಬ್ರಿಗಿ ಸಿಕ್ರ ನಂದು ಗಾಡಿ ನಡೀತದ. ಯಾರಿಗಿ ಸಿಗ್ತದ ಅವ್ರು ಹೊಡೀರಿ. ನಾ ಮತ್ತೇನ್ ಹೇಳ್ಲಿ?”

ನಾನು ಉಸ್ತಾದರ ಮುಖ ನೋಡಿದೆ. ಅವರು “ಸರಿ ಅದರಿ ಸಾವ್ಕಾರ್” ಎಂದರು.

ಲೈಸೆನ್ಸಿಲ್ಲದ ಇಬ್ಬರು ಲೈಸೆನ್ಸು ಕೇಳಲು ಲಾರಿ ಓಡಿಸಿಕೊಂಡೇ ಬೀದರಿಗೆ ಹೋದೆವು. ಮೊದಲ ಸಲ ಹೋದಾಗ ಪರೀಕ್ಷೆ ಮಾಡುವ ಸಾಹೇಬರು ದೌರೆಯ ಮೇಲೆ ಪರ ಊರಿಗೆ ಹೋಗಿದ್ದರು. ಎರಡನೆಯ ಸಲ, ಫೋಟೋ ಬೇಕು ಎಂದರು. ಉಸ್ತಾದರು ಜನ್ಮದಲ್ಲಿ ಫೋಟೋ ತೆಗೆಸಿದವರಲ್ಲ. ಸ್ಟುಡಿಯೋದ ಸ್ಟೂಲಿನ ಮೇಲೆ ಅವರು ಕೂತ ಭಂಗಿ ನೋಡಿದರೆ ಯಾರೋ ಅವರ ಹಲ್ಲು ಕೀಳಲು ಬಂದಂತಿತ್ತು. ಗಡ್ಡ ಆಗಷ್ಟೇ ಮರಳಿ ಬರುತ್ತಿತ್ತು. ಫೋಟೋ ಕೈಗೆ ಬಂದಾಗ ಬಹಳ ಹೊತ್ತು ನೋಡಿ, “ಇವ ಯಾಂವ? ನನಗಂತೂ ಗುರ್ತ ಹತ್ತಲ್ಲ” ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮೂರನೆಯ ಸಲ ಸಾಹೇಬರು ಸಿಕ್ಕರು. ಹೊರಗಿನ ಸೀಮೆಯಿಂದ ಹೊಸದಾಗಿ ಬಂದವರು, ಇಂಗ್ಲಿಷು ಬಿಟ್ಟರೆ ಒಂದಿಷ್ಟು ಮುರುಕು ಹಿಂದೂಸ್ತಾನಿ. ಬೀದರಿನ ಕೆಂಪು ಧೂಳು ಅವರಿಗೆ ಒಗ್ಗಿರಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದೇ ಇದ್ದರು, ಕಣ್ಣು ಒಸರುತ್ತಿದ್ದವು. ಬೆಳಗಿನಿಂದ ಏಳೆಂಟು ಮಂದಿಯ ಪರೀಕ್ಷೆ ಮುಗಿಸಿದ್ದರು. ಕೆಟ್ಟವರೆಂದು ನಾನು ಹೇಳಲಾರೆ. ನಮ್ಮ ಸರದಿ ಬಂದಾಗ ಮಧ್ಯಾಹ್ನವಾಗಿತ್ತು, ಅವರ ಊಟ ಆಗಿರಲಿಲ್ಲ, ನಮ್ಮದೂ ಆಗಿರಲಿಲ್ಲ.

ಉಸ್ತಾದರು ಅಂದು ಎರಡೂ ಕಾಲಿಗೆ ಜೋಡು ಹಾಕಿದ್ದರು. ಸಾಹೇಬರ ಮುಂದೆ ಬರಿಗಾಲು ಚೆನ್ನಾಗಿರುವುದಿಲ್ಲ ಎಂದು ಖಾಲಾ ಹೇಳಿ ಕಳಿಸಿದ್ದರಂತೆ. ಕೋಟೆಗೋಡೆಯ ಹೊರಗಿನ ಬಯಲಲ್ಲಿ ಕಲ್ಲಿಟ್ಟಿದ್ದರು. ಆ ಕಲ್ಲುಗಳ ನಡುವೆ ನಮ್ಮ ಲಾರಿಯನ್ನು ಅವರು ಹಿಂದಕ್ಕೆ ತಂದ ಚಂದ ನೋಡಿ ಕಾಯುತ್ತ ಕೂತಿದ್ದ ಮಂದಿ ಎದ್ದು ನಿಂತರು. ಕೈ ಸನ್ನೆಗಳನ್ನೆಲ್ಲ ಆ ಕಪ್ಪು ಕೈ ತಪ್ಪಿಲ್ಲದೆ ತೋರಿಸಿತು. ಸಾಹೇಬರೂ ತಲೆಯಾಡಿಸಿ, ಇನ್ನು ರಸ್ತೆಗೆ ನಡಿ ಎಂದರು. ಮುಂದೆ ಅವರಿಬ್ಬರು ಕೂತರು. ನಾನು ಹಿಂದೆ ಚೀಲ ಹೇರುವ ಜಾಗದಲ್ಲಿ, ಕ್ಯಾಬಿನ್ನಿನ ಹಿಂಬದಿಯ ಗಾಜಿಲ್ಲದ ಕಿಂಡಿಗೆ ಮುಖವಿಟ್ಟು ನಿಂತೆ.

ನೌಬಾದ್ ಕಡೆಯ ರಸ್ತೆಯಲ್ಲಿ ಅರ್ಧ ಮೈಲಿ ಹೋಗಿರಬೇಕು, ಎದುರಿಗೆ ಹಿಂಡು ಬಂತು. ಇನ್ನೂರಕ್ಕೆ ಕಡಿಮೆಯಿಲ್ಲ. ಇವತ್ತೊಂದು ದಿನ ಹಾರನ್ ಹೊಡೆಯಲಿ ದೇವರೇ ಎಂದುಕೊಂಡೆ. ಉಸ್ತಾದರು ಲಾರಿಯನ್ನು ಬದಿಗೆ ಹಚ್ಚಿದರು. ಎಂಜಿನ್ ಬಂದ್ ಮಾಡಿದರು. ಕೈಕಟ್ಟಿ ಕೂತರು. ಕುರಿಗಳು ಎರಡೂ ಬದಿಯಿಂದ ಸುಮ್ಮನೆ ಹಾದುಹೋದವು.

“ಬಂದ್ ಕೈಸೇ ಪಡ್ ಗಯಾ?” ಎಂದು ಸಾಹೇಬರು ಕೇಳಿದರು. ಗಾಡಿ ತಾನಾಗಿಯೇ ನಿಂತುಹೋಯಿತು ಎಂದು ಅವರು ತಿಳಿದಿದ್ದರು. ನಾನೇ ಬಂದ್ ಮಾಡಿದೆ ಹುಜೂರ್, ಕುರಿ ಬಂದವಲ್ಲ, ಎಂದು ಉಸ್ತಾದರು ಉರ್ದುವಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು. ಸಾಹೇಬರು ಮೂಗು ಒರೆಸಿಕೊಂಡರು. ಬೆಳಗಿನಿಂದ ಎಂಜಿನ್ ಕೊಂದವರೆಲ್ಲ ಹೀಗೇ ಒಂದೊಂದು ಕತೆ ಹೇಳಿದ್ದಾರೆ, ಕುರಿ ಬಂದರೆ ಹಾರನ್ ಹೊಡೆಯುತ್ತಾರೆ, ಎಂಜಿನ್ ಯಾರು ಬಂದ್ ಮಾಡುತ್ತಾರೆ ಎಂದರು. ಆಮೇಲೆ ಕಿಂಡಿಯ ಕಡೆ ತಿರುಗಿ ನನ್ನನ್ನೇ ಕೇಳಿದರು. ನೀನು ಇವನ ಕಿಲೀನರ್ ತಾನೆ? ಇವನೇ ಬಂದ್ ಮಾಡಿದನೇ, ತಾನೇ ಬಂದ್ ಬಿತ್ತೇ?

ಉಸ್ತಾದರು ತಿರುಗಲಿಲ್ಲ. ಅವರ ಕತ್ತಿನ ಹಿಂಭಾಗ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ರಸ್ತೆಯನ್ನೇ ನೋಡುತ್ತ ಕೂತಿದ್ದರು.

“ಮಾಲೂಮ್ ನಹೀ ಸಾಬ್” ಎಂದೆ. ಗೊತ್ತಿಲ್ಲ ಎಂದೆ.

ಅಷ್ಟು ವರ್ಷ ನನ್ನ ರಟ್ಟೆಗೆ ಗೊತ್ತಿದ್ದದ್ದು ನನ್ನ ನಾಲಿಗೆಗೆ ಗೊತ್ತಿರಲಿಲ್ಲ. ಯಾಕೆ ಹಾಗೆಂದೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸಾಹೇಬರ ಮಾತಿಗೆ ಎದುರಾಡಿದರೆ ಮುಂದಿನ ಪರೀಕ್ಷೆ ನನ್ನದೇ, ನನ್ನನ್ನೂ ಮನೆಗೆ ಕಳಿಸಿಯಾರು ಎಂಬ ಭಯವಿತ್ತು. ಆ ದಿನಗಳಲ್ಲಿ ಉಸ್ತಾದರ ಕಡೆಯವರ ಪರವಾಗಿ ಹೊಸ ಅಧಿಕಾರಿಗಳ ಮುಂದೆ ಬಾಯಿ ತೆರೆಯಲು ನಮ್ಮವರು ಅಂಜುತ್ತಿದ್ದರು, ಅದೂ ಇತ್ತು. ಅವರಿಗೆ ಸಿಗದಿದ್ದರೆ ಸೀಟು ನನ್ನದಾಗುತ್ತದೆ ಎಂಬುದು ಮಾತ್ರ ಆ ಹೊತ್ತಿನಲ್ಲಿ ನನಗೆ ಹೊಳೆದೇ ಇರಲಿಲ್ಲ ಎಂದು ಬಹಳ ವರ್ಷ ನಾನು ನನಗೇ ಹೇಳಿಕೊಂಡು ಬಂದೆ. ಈಗ ಹೇಳಿಕೊಳ್ಳುವುದಿಲ್ಲ. ಹೊಳೆದಿತ್ತು.

ನಾನಿಳಿದು ಹ್ಯಾಂಡಲ್ ತಿರುವಿದೆ. ಮೂರು ಸಲ ತಿರುವಿದ ಮೇಲೆ ಎಂಜಿನ್ ಹತ್ತಿತು. ಸಾಹೇಬರು ಕಾಗದದ ಮೇಲೆ ಗೀಟು ಹಾಕಿ, ಜಾಗ ಬದಲಿಸಿ ಎಂದರು. ಉಸ್ತಾದರು ಇಳಿದು, ಹಿಂದೆ ಹೋಗಿ, ನಾನು ನಿಂತಿದ್ದ ಜಾಗದಲ್ಲಿ ನಿಂತರು. ನಾನು ಅವರ ಬಿಸಿ ಆರದ ಸೀಟಿನ ಮೇಲೆ ಕೂತೆ. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಅದೇ ಹಿಂಡಿನ ಹಿಂದುಳಿದ ಕುರಿಗಳು, ಕುಂಟುವವು, ಮರಿ ಹಾಕಲಿರುವವು, ಇಪ್ಪತ್ತೋ ಮೂವತ್ತೋ ಬಂದವು. ಅವುಗಳ ಜತೆಗೆ ಕೈಯಲ್ಲೊಂದು ಮರಿ ಎತ್ತಿಕೊಂಡ ಹೆಂಗಸು. “ಹಾರನ್” ಎಂದರು ಸಾಹೇಬರು. ನಾನು ಒತ್ತಿದೆ. ಕುರಿಗಳು ಒಂದರ ಮೈಮೇಲೊಂದು ಬಿದ್ದು ಗಾಲಿಯ ಕಡೆಗೇ ನುಗ್ಗಿ ಬಂದವು. ಬ್ರೇಕು ಹಿಡಿಯಿತು, ಯಾವುದೂ ಸಾಯಲಿಲ್ಲ. ಆ ಹೆಂಗಸು ಲಾರಿಯನ್ನು ನೋಡಿ ರಸ್ತೆಯಂಚಿನ ಕಲ್ಲಿನ ಮೇಲೆ ಕೂತುಬಿಟ್ಟಳು. ಗುಡ್ ಎಂದು ಸಾಹೇಬರು ಬರೆದುಕೊಂಡರು. ನಾನು ಪಾಸಾದೆ. ಉಸ್ತಾದರಿಗೆ ಒಂದು ತಿಂಗಳು ಬಿಟ್ಟು ಬಾ ಎಂದರು.

ಮರಳುವಾಗ ಅವರೇ ಎಡಗಡೆ ಹೋಗಿ ಕೂತರು. “ಹೊಡಿ. ಕಾಗದ ನಿಂದು, ಸೀಟೂ ನಿಂದೇ” ಎಂದರು. ಎರಡೂ ಜೋಡು ಬಿಚ್ಚಿ ಕಾಲು ಒತ್ತಿಕೊಂಡರು. ಭಾಲ್ಕಿ ಬರುವವರೆಗೆ ಒಂದೇ ಮಾತು ಆಡಿದರು: “ಕ್ಲಚ್ ಮ್ಯಾಲ ಕಾಲಿಟ್ಟೇ ಕುಂದರಬ್ಯಾಡ ಬೇಟಾ, ಸವೀತದ.” ಬೈಯುತ್ತಾರೆಂದು ನಾನು ದಾರಿಯುದ್ದಕ್ಕೂ ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸಾಯಗಾಂವದಲ್ಲಿ ಹೆಂಡತಿ ಮನೆಮನೆಗೆ ಸಕ್ಕರೆ ಹಂಚಿದಳು. ಸಂಜೆ ರೊಟ್ಟಿ ಬಡಿಸುತ್ತ, “ಉಸ್ತಾದ್ರಿಗೂ ಸಿಕ್ತಲ್ರಿ?” ಎಂದು ಕೇಳಿದಳು. ಮುಂದಿನ ಸಲ ಸಿಗ್ತದ ಎಂದೆ.

ಮುಂದಿನ ಸಲ ಅವರೊಬ್ಬರೇ ರೈಲಿನಲ್ಲಿ ಹೋದರು. ಸಾಹೇಬರು ದೌರೆಯ ಮೇಲಿದ್ದರು. ಅದರ ಮುಂದಿನ ಸಲ, ಪರೀಕ್ಷೆಗೆ ಗಾಡಿ ತಂದಿಲ್ಲವೇಕೆ ಎಂದು ಕೇಳಿ ವಾಪಸು ಕಳಿಸಿದರು. ಗಾಡಿ ನಾನು ಓಡಿಸುತ್ತಿದ್ದೆ. ತೊಗರಿ ಸುಗ್ಗಿ, ಬಿಡುವಿರಲಿಲ್ಲ. ಬಿಡುವು ಮಾಡಿಕೊಡಿ ಎಂದು ಸಾಹುಕಾರರನ್ನು ಕೇಳಬಹುದಿತ್ತು, ಇವತ್ತು ಕೇಳುತ್ತೇನೆ ನಾಳೆ ಕೇಳುತ್ತೇನೆ ಎಂದು ದಿನ ತಳ್ಳಿದೆ. ಆಮೇಲೆ ಅವರೇ ಹೋಗುವುದನ್ನು ಬಿಟ್ಟರು. “ಹೋಗ್ಲಿ ಬಿಡು, ಸಾಕಾಗ್ಯಾದ.” ಸಾಹುಕಾರರು ಅವರನ್ನು ತೆಗೆಯಲಿಲ್ಲ. ನನ್ನ ಲಾರಿಗೆ ಕಿಲೀನರ್ ಮಾಡಿದರು.

ಆ ಮೊದಲ ದಿನವನ್ನು ನಾನು ಮರೆಯಲಾರೆ. ಖಟಕ ಚಿಂಚೋಳಿಯ ದಾರಿಯಲ್ಲಿ ಕುರಿ ಬಂದವು. ನಾನು ಪಾಪಭಯದಿಂದ, ಅವರು ಮಾಡುತ್ತಿದ್ದಂತೆಯೇ, ಬದಿಗೆ ಹಚ್ಚಿ ಎಂಜಿನ್ ಬಂದ್ ಮಾಡಿದೆ. ಹಿಂಡು ಹೋಯಿತು. ಅವರು ಇಳಿದು, ಹ್ಯಾಂಡಲ್ ತೆಗೆದುಕೊಂಡು, ಮುಂದೆ ಹೋಗಿ ಬಗ್ಗಿದರು. ಐವತ್ತೈದು ದಾಟಿದ ಜೀವ. ನಾಲ್ಕನೆಯ ಸಲಕ್ಕೆ ಎಂಜಿನ್ ಹತ್ತಿತು. ಮರಳಿ ಬಂದು ಕೂತಾಗ ಉಸಿರು ಸಿಳ್ಳೆ ಹಾಕುತ್ತಿತ್ತು.

“ನಾ ತಿರುವ್ತಿದ್ನೆಲ್ರಿ ಉಸ್ತಾದ್.”

“ಡ್ರೈವರ್ ಇಳೀಬಾರ್ದು” ಎಂದರು.

ಮರುದಿನದಿಂದ ನಾನು ಎಂಜಿನ್ ಬಂದ್ ಮಾಡುವುದನ್ನು ಬಿಟ್ಟೆ. ಅವರ ತೋಳು ಉಳಿಸಬೇಕೆಂದರೆ ಅವರ ಪದ್ಧತಿ ಮುರಿಯಬೇಕಿತ್ತು. ಹಾರನ್ ಮಾತ್ರ ಹೊಡೆಯುತ್ತಿರಲಿಲ್ಲ. ಗುಡುಗುವ ಗಾಡಿಯನ್ನು ನಿಲ್ಲಿಸಿಕೊಂಡು, ಕುರಿಗಳು ಹೆದರಿ ಹೊಲಕ್ಕಿಳಿಯುವುದನ್ನು ಇಬ್ಬರೂ ನೋಡುತ್ತ ಕೂತಿರುತ್ತಿದ್ದೆವು. ಕುರುಬರು ಅವರನ್ನು ಗುರುತಿಸಿ ಕೋಲೆತ್ತುತ್ತಿದ್ದರು. ಅವರು ಕಿಟಕಿಯಿಂದ ಎಡಗೈ ಎತ್ತುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಅವರಿಗೆ ಲಾರಿ ಹತ್ತಲಾಗಲಿಲ್ಲ, ಮನೆ ಹಿಡಿದರು. ನನಗೆ ಅದೇ ಲೈಸೆನ್ಸಿನ ಮೇಲೆ ಸರಕಾರಿ ಬಸ್ಸಿನ ನೌಕರಿ ಸಿಕ್ಕಿತು.

ರಾಜ್ಯ ಒಡೆದು ನಾವು ಮೈಸೂರಿಗೆ ಸೇರುವ ಮುಂಚಿನ ಬೇಸಗೆಯಲ್ಲಿ, ಉಸ್ತಾದರಿಗೆ ಹೆಚ್ಚಾಗಿದೆ ಎಂದು ಖಾಲಾ ಹೇಳಿ ಕಳಿಸಿದರು. ನಾನು ಡ್ಯೂಟಿ ಮುಗಿಸಿ ಖಾಕಿಯಲ್ಲೇ ಹೋದೆ. ಹೊರಸಿನ ಮೇಲೆ ಗೋಡೆಗೆ ಒರಗಿಸಿದ್ದರು. ಬಿಸಿಲು ಕಾಣದೆ ಅವರ ಬಲಗೈಯೂ ಎಡಗೈಯ ಬಣ್ಣಕ್ಕೆ ಬಂದಿತ್ತು. ಖಾಲಾ ನೀರು ತರಲು ಎದ್ದಾಗ ನಾನು ಇಷ್ಟು ವರ್ಷ ಗಂಟಲಲ್ಲಿಟ್ಟುಕೊಂಡದ್ದನ್ನು ಹೇಳಿದೆ.

“ಉಸ್ತಾದ್, ಅವತ್ತ ಸಾಹೇಬ್ರು ಕೇಳ್ದಾಗ ನಾ ಖರೇ ಹೇಳಬೇಕಾಗಿತ್ರಿ.”

ಅವರು ಕಣ್ಣು ಮುಚ್ಚಿಕೊಂಡರು. ನಿದ್ದೆ ಹತ್ತಿತೇನೋ ಎಂದುಕೊಂಡೆ.

“ನಾ ತಿರುಗಿ ನಿನ್ನ ಮಾರಿ ನೋಡಿದ್ರ ನೀ ಹೇಳ್ತಿದ್ದಿ” ಎಂದರು. “ಹೇಳಿದ್ರ ಅಂವ ನಿಂಗೂ ಕೊಡ್ತಿರ್ಲಿಲ್ಲ. ನಿಂಗ ಸಣ್ಣ ಮಕ್ಕಳು. ಅದಕ್ಕೇ ನೋಡ್ಲಿಲ್ಲ ಬೇಟಾ.”

ಅವರು ಮೂರು ದಿನ ಬಿಟ್ಟು ತೀರಿಕೊಂಡರು. ನಾನೂ ಹೆಗಲು ಕೊಟ್ಟೆ, ಮಣ್ಣು ಹಾಕಿದೆ. ಮೂವತ್ತು ವರ್ಷ ಬಸ್ಸು ಓಡಿಸಿದೆ, ಮಕ್ಕಳು ಓದಿದರು, ಮನೆ ಕಟ್ಟಿದೆ. ಅದೆಲ್ಲ ಅವರು ಕತ್ತು ತಿರುಗಿಸದೆ ಕೂತ ಆ ಒಂದು ಗಳಿಗೆಯಿಂದ ಬಂದದ್ದು ಎಂದು ನನಗೆ ಗೊತ್ತಿದೆ. ಅದನ್ನು ಹೊರುವುದು ಕಷ್ಟವಲ್ಲ. ತಾವು ತಿರುಗಿ ನೋಡಿದ್ದರೆ ನಾನು ನಿಜ ಹೇಳುತ್ತಿದ್ದೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ನನಗಿದೆ.